ಇಂಗ್ಲಿಷಿನ ‘ದೇ’, ನಮ್ಮ ‘ಅವರು’: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಕಲಿಸುವವರ ಮುಂದೆ, ಅನುವಾದ ಮಾಡುವವರ ಮುಂದೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಇಂಗ್ಲಿಷ್ ಪದಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದಿದ್ದೇವೆ. ಸ್ಪೆಲಿಂಗ್ ಮುಖ್ಯವಾದ ಕಡೆ ಅಕ್ಷರ ಬಿಡಿಸಿ ಹೇಳಿದ್ದೇವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು. ಒಂದನ್ನೇ ಓದುವಷ್ಟು ಪುರುಸೊತ್ತಿದ್ದರೆ ತಂದೆಯವರ ಬಗೆಗಿನ ಪ್ರಶ್ನೆಯನ್ನು ಓದಿ.

## ಮೊದಲ ಮೆಟ್ಟಿಲು

‘ದೇ’ ಅಂದ್ರೆ ‘ಅವರು’ ತಾನೇ? ಅದರಲ್ಲೇನಿದೆ ಅಷ್ಟೊಂದು?

ಅರ್ಧ ಸರಿ. ನಮ್ಮ ‘ಅವರು’ ಮೂರು ಕೆಲಸ ಮಾಡುತ್ತದೆ. ಹಲವು ಜನರನ್ನು ಸೂಚಿಸುತ್ತದೆ: ‘ಹುಡುಗರು ಬಂದರು, ಅವರು ಊಟ ಮಾಡಿದರು.’ ಗೌರವ ಕೊಡಬೇಕಾದ ಒಬ್ಬರನ್ನು ಸೂಚಿಸುತ್ತದೆ: ‘ನಮ್ಮ ತಾತ ಬಂದರು, ಅವರು ಊಟ ಮಾಡಿದರು.’ ಯಾರೆಂದು ಗೊತ್ತಿಲ್ಲದ ಒಬ್ಬರನ್ನೂ ಸೂಚಿಸುತ್ತದೆ: ‘ಯಾರೋ ಫೋನ್ ಮಾಡಿದ್ದರು, ಅವರು ಹೆಸರು ಹೇಳಲಿಲ್ಲ.’

ಇಂಗ್ಲಿಷಿನ ‘ದೇ’ ಮೊದಲನೆಯ ಮತ್ತು ಮೂರನೆಯ ಕೆಲಸ ಮಾಡುತ್ತದೆ. ಎರಡನೆಯದನ್ನು ಮಾಡುವುದಿಲ್ಲ. ಕನ್ನಡಿಗರು ‘ದೇ’ ಬಳಕೆಯಲ್ಲಿ ಮಾಡುವ ತಪ್ಪುಗಳಲ್ಲಿ ದೊಡ್ಡ ಪಾಲು ಈ ಎರಡನೆಯ ಕೆಲಸವನ್ನು ಅದರ ಮೇಲೆ ಹೇರುವುದರಿಂದ ಬರುತ್ತದೆ. ಇನ್ನೊಂದು ಕಡೆ, ‘ಅವರು’ ಮಾಡದ ಒಂದು ಕೆಲಸವನ್ನು ‘ದೇ’ ಮಾಡುತ್ತದೆ: ಹಸುಗಳು, ಕುರ್ಚಿಗಳು, ಕಾಗದಗಳು, ಎಲ್ಲಕ್ಕೂ ಅದೇ ‘ದೇ’. ಅಂದರೆ ನಮ್ಮ ‘ಅವು’ ಕೂಡ ಅದರಲ್ಲೇ ಸೇರಿದೆ.

ದೇ, ದೆಮ್, ದೇರ್, ದೇರ್ಸ್, ದೆಮ್‌ಸೆಲ್ವ್ಸ್: ಯಾವುದು ಎಲ್ಲಿ?

ಕೆಲಸ ಮಾಡುವವರ ಜಾಗದಲ್ಲಿ ‘ದೇ’ (ಅವರು, ಅವು). ಕ್ರಿಯಾಪದದ ನಂತರ ಮತ್ತು ‘ಟು’, ‘ವಿತ್’, ‘ಫಾರ್’, ‘ಆಫ್’ ಇಂಥವುಗಳ ನಂತರ ‘ದೆಮ್’. ನಮ್ಮಲ್ಲಿ ಅವರನ್ನು, ಅವರಿಗೆ, ಅವರಿಂದ, ಅವರ ಜೊತೆ ಎಂದು ವಿಭಕ್ತಿ ಬದಲಾಗುವ ಕಡೆಯಲ್ಲೆಲ್ಲ ಇಂಗ್ಲಿಷಿನಲ್ಲಿ ‘ದೆಮ್’ ಒಂದೇ ಸಾಕು, ಮುಂದೆ ಬರುವ ಚಿಕ್ಕ ಪದ ಮಾತ್ರ ಬದಲಾಗುತ್ತದೆ. ಪಕ್ಕದಲ್ಲಿ ವಸ್ತುವಿನ ಹೆಸರಿದ್ದರೆ ‘ದೇರ್’ (‘ದೇರ್ ಹೌಸ್’, ಅವರ ಮನೆ), ಇಲ್ಲದಿದ್ದರೆ ‘ದೇರ್ಸ್’ (‘ದಿಸ್ ಹೌಸ್ ಈಸ್ ದೇರ್ಸ್’, ಈ ಮನೆ ಅವರದು). ಮಾಡುವವರೂ ಮಾಡಿಸಿಕೊಳ್ಳುವವರೂ ಅವರೇ ಆದರೆ ‘ದೆಮ್‌ಸೆಲ್ವ್ಸ್’.

ಹೋಲಿಕೆಯಲ್ಲಿ ‘ದ್ಯಾನ್’ ಆದ ಮೇಲೆ ಮಾತಿನಲ್ಲಿ ‘ದೆಮ್’ ಸಹಜ: ‘ಹಿ ಈಸ್ ಟಾಲರ್ ದ್ಯಾನ್ ದೆಮ್’. ಹಳೆಯ ಶೈಲಿಯಲ್ಲಿ ‘ದ್ಯಾನ್ ದೇ’ ಎಂದೇ ಬರೆಯಬೇಕು ಎನ್ನುವವರಿದ್ದಾರೆ. ಹಾಗೆ ಬರೆಯುವ ಆಸೆಯಿದ್ದರೆ ‘ದ್ಯಾನ್ ದೇ ಆರ್’ ಎಂದು ಪೂರ್ತಿ ಮಾಡಿಬಿಡಿ; ಎರಡು ಪಕ್ಷದವರೂ ಒಪ್ಪುತ್ತಾರೆ.

‘ದೇರ್’ ಅಂತ ಮೂರು ಥರ ಬರೀತಾರಲ್ಲ, ಗೊಂದಲ ಆಗದ ಹಾಗೆ ನೆನಪಿಡೋದು ಹೇಗೆ?

ಕೇಳುವುದಕ್ಕೆ ಮೂರೂ ಒಂದೇ, ಹಾಗಾಗಿ ಕಿವಿ ಸಹಾಯಕ್ಕೆ ಬರುವುದಿಲ್ಲ. ಬರೆದಾದ ಮೇಲೆ ಹೀಗೆ ಪರೀಕ್ಷಿಸಿ.

‘ದೇ ಆರ್’ ಎಂದು ಬಿಡಿಸಿ ಓದಿ. ಅರ್ಥ ಕೂಡಿದರೆ ಟಿ-ಎಚ್-ಇ-ವೈ, ಮೇಲೊಂದು ಅಪಾಸ್ಟ್ರಫಿ ಗುರುತು, ಆಮೇಲೆ ಆರ್-ಇ. ಕೂಡದಿದ್ದರೆ ಆ ಜಾಗದಲ್ಲಿ ‘ಅವರ’ ಅಥವಾ ‘ಅವುಗಳ’ ಹಾಕಿ ನೋಡಿ. ಹೊಂದಿದರೆ ಟಿ-ಎಚ್-ಇ-ಐ-ಆರ್. ಉಳಿದ ಎಲ್ಲ ಕಡೆ ಟಿ-ಎಚ್-ಇ-ಆರ್-ಇ: ಅಲ್ಲಿ, ಇದೆ, ಉಂಟು ಎಂಬ ಅರ್ಥಗಳಿಗೆ. ಈ ಕೊನೆಯದರೊಳಗೆ ‘ಹಿಯರ್’, ಅಂದರೆ ‘ಇಲ್ಲಿ’ ಎನ್ನುವ ಪದ ಅಡಗಿದೆ. ಸ್ಥಳ ಹೇಳುವ ಪದ ಎಂದು ನೆನಪಿಡಲು ಅದು ಸಾಕು.

‘ದೇರ್ಸ್’ (ಅವರದು) ಎನ್ನುವುದಕ್ಕೆ ಮೇಲಿನ ಗುರುತು ಎಂದೂ ಬರುವುದಿಲ್ಲ. ಅಂಗಡಿಯ ಬೋರ್ಡುಗಳನ್ನು ನೋಡಿ ಕಲಿಯಬೇಡಿ.

‘ದೇ’ ಮತ್ತು ‘ಡೇ’ ಉಚ್ಚಾರದಲ್ಲಿ ವ್ಯತ್ಯಾಸ ಎಷ್ಟು? ನಮ್ಮ ‘ದ’ ಸಾಕಾ?

ಕನ್ನಡದ ‘ದ’ ಹೇಳುವಾಗ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂಬದಿಗೆ ತಾಗಿ ಗಾಳಿಯನ್ನು ಒಂದು ಕ್ಷಣ ಪೂರ್ತಿ ತಡೆಯುತ್ತದೆ. ಇಂಗ್ಲಿಷಿನದರಲ್ಲಿ ತಡೆಯಿಲ್ಲ. ತುದಿಯನ್ನು ಹಲ್ಲುಗಳ ನಡುವೆ ಹಗುರವಾಗಿ ಇಟ್ಟು, ಗಂಟಲಿನ ದನಿಯ ಜೊತೆ ಗಾಳಿಯನ್ನು ಹರಿಯಬಿಡಬೇಕು. ನಾಲಿಗೆ ಸ್ವಲ್ಪ ಕಚಗುಳಿ ಇಟ್ಟಂತಾದರೆ ಸರಿಯಾಗಿದೆ. ಸ್ವರವೂ ನಮ್ಮ ‘ಏ’ಯಷ್ಟು ನೇರವಲ್ಲ, ಕೊನೆಗೆ ‘ಯ್’ ಕಡೆಗೆ ಜಾರುತ್ತದೆ: ‘ದೇಯ್’.

ಹಾಗಂತ ಕನ್ನಡದ ‘ದ’ ಬಳಸಿದರೆ ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ. ‘ಡ’ ಬಳಸಬೇಡಿ, ಅಷ್ಟೇ. ವೇಗದ ಮಾತಿನಲ್ಲಿ ‘ದೆಮ್’ ಸವೆದು ‘ದಮ್’, ಕೆಲವೊಮ್ಮೆ ಬರೀ ‘ಅಮ್’ ಆಗುತ್ತದೆ: ‘ಟೆಲ್ ಅಮ್’. ಇಂಗ್ಲಿಷ್ ಸಿನಿಮಾ ನೋಡುವಾಗ ‘ದೆಮ್’ ಕೇಳಿಸಲೇ ಇಲ್ಲ ಅನ್ನಿಸುವುದು ಅದಕ್ಕೇ.

ಒಬ್ಬರ ಬಗ್ಗೆ ಹೇಳುವಾಗ ‘ದೇ ಈಸ್’ ಅನ್ನಬಹುದಾ?

ಇಲ್ಲ. ಸೂಚಿಸುವುದು ಒಬ್ಬರನ್ನೇ ಆದರೂ ‘ದೇ’ ಜೊತೆಗೆ ‘ಆರ್’, ‘ವರ್’, ‘ಹ್ಯಾವ್’, ‘ಡೋಂಟ್’ ಬರುತ್ತವೆ. ‘ಈಸ್’, ‘ವಾಸ್’, ‘ಹ್ಯಾಸ್’, ‘ಡಸಂಟ್’ ಬರುವುದಿಲ್ಲ. ಇದರಲ್ಲಿ ವಿಚಿತ್ರವೇನಿಲ್ಲ: ‘ಡಾಕ್ಟರ್ ಒಬ್ಬರೇ ಇದ್ದಾರೆ’ ಎನ್ನುವಾಗ ನಾವೂ ಬಹುವಚನದ ಕ್ರಿಯಾಪದವನ್ನೇ ಹಾಕುತ್ತೇವೆ.

## ನಾವು ಎಡವುವ ಜಾಗಗಳು

ನಮ್ಮ ತಂದೆಯವರ ಬಗ್ಗೆ ‘ಹಿ’ ಅಂದರೆ ಏಕವಚನದಲ್ಲಿ ಮಾತಾಡಿದ ಹಾಗೆ ಆಗಲ್ವಾ?

ಆಗುವುದಿಲ್ಲ. ಇಂಗ್ಲಿಷಿನ ‘ಹಿ’ ಮತ್ತು ‘ಶಿ’ಗಳಲ್ಲಿ ಮರ್ಯಾದೆಯೂ ಇಲ್ಲ, ಅವಮರ್ಯಾದೆಯೂ ಇಲ್ಲ. ಅವನು, ಆತ, ಅವರು ಎಂಬ ನಮ್ಮ ಮೆಟ್ಟಿಲುಗಳಲ್ಲಿ ಎಲ್ಲಿ ನಿಂತವರಿಗೂ ಅದೇ ‘ಹಿ’. ರಾಷ್ಟ್ರಪತಿಗೂ ಪಕ್ಕದ ಮನೆಯ ಪುಟ್ಟನಿಗೂ ಬೇರೆ ಬೇರೆ ಸರ್ವನಾಮ ಆ ಭಾಷೆಯಲ್ಲಿಲ್ಲ. ಆದ್ದರಿಂದ ‘ಹಿ’ಯನ್ನು ‘ಅವನು’ ಎಂದು ಮನಸ್ಸಿನಲ್ಲಿ ಅನುವಾದಿಸಿಕೊಂಡು ಮುಜುಗರಪಡಬೇಕಾಗಿಲ್ಲ.

‘ದೇ’ ಹಾಕಿದರೆ ಏನಾಗುತ್ತದೆ ನೋಡಿ. ವೈದ್ಯರ ಬಳಿ ‘ಮೈ ಫಾದರ್ ಹ್ಯಾಸ್ ಚೆಸ್ಟ್ ಪೇನ್. ದೇ ಟುಕ್ ಎ ಟ್ಯಾಬ್ಲೆಟ್ ದಿಸ್ ಮಾರ್ನಿಂಗ್’ ಎಂದರೆ, ಬೆಂಗಳೂರಿನ ವೈದ್ಯರು ಅರ್ಥ ಮಾಡಿಕೊಳ್ಳುತ್ತಾರೆ, ಅವರ ಮನೆಯಲ್ಲೂ ಹಾಗೇ ಮಾತಾಡುವುದು. ಲಂಡನ್ನಿನಲ್ಲೋ ಚಿಕಾಗೋದಲ್ಲೋ ಇರುವ ವೈದ್ಯರು ‘ಮಾತ್ರೆ ತೆಗೆದುಕೊಂಡವರು ಯಾರು?’ ಎಂದು ಕೇಳುತ್ತಾರೆ. ಮನೆಯಲ್ಲಿ ಇನ್ನೂ ಯಾರಿಗೋ ಕಾಯಿಲೆಯಿದೆ ಎಂದೂ ಭಾವಿಸಬಹುದು. ಮಕ್ಕಳ ಮನೆಗೆಂದು ಹೊರದೇಶಕ್ಕೆ ಹೋದ ತಂದೆತಾಯಿಗಳ ಪರವಾಗಿ ಮಾತಾಡುವಾಗ, ವೀಸಾ ಅಥವಾ ವಿಮೆಯ ಅರ್ಜಿಯಲ್ಲಿ ವಿವರಣೆ ಬರೆಯುವಾಗ ಇದನ್ನು ಗಮನಿಸಿ. ‘ಮೈ ಮದರ್ ಈಸ್ ಎ ವಿಡೋ. ದೇ ಲಿವ್ ವಿತ್ ಮಿ’ ಎಂದು ಬರೆದರೆ ಓದುವ ಅಧಿಕಾರಿಗೆ ಮನೆಯಲ್ಲಿ ಎಷ್ಟು ಜನ ಇದ್ದಾರೆ ಎಂಬ ಲೆಕ್ಕವೇ ತಪ್ಪುತ್ತದೆ.

ಗಂಡನ ಹೆಸರು ಹೇಳದೆ ‘ಅವರು’, ‘ನಮ್ಮ ಮನೆಯವರು’ ಎನ್ನುವ ರೂಢಿಯಿರುವವರಿಗೆ ಇದು ಇನ್ನೂ ಕಷ್ಟ. ಮೊದಲ ಸಲ ‘ಮೈ ಹಸ್ಬೆಂಡ್’ ಎನ್ನಿ, ಆಮೇಲೆ ‘ಹಿ’. ಶಾಲೆಯ ಮಕ್ಕಳು ಹೇಳುವ ‘ಮೇಡಮ್ ಹ್ಯಾಸ್ ಕಮ್, ದೇ ಆರ್ ಕಾಲಿಂಗ್ ಯೂ’ ಕೂಡ ಇದೇ ಜಾತಿಯ ತಪ್ಪು. ‘ಶಿ ಈಸ್ ಕಾಲಿಂಗ್ ಯೂ’ ಆಗಬೇಕು.

ಅನುಕೂಲಕ್ಕೆ ಒಂದು ಸೂತ್ರ: ‘ಅವರು’ ಬಾಯಿಗೆ ಬಂದಾಗ ಆ ವ್ಯಕ್ತಿ ಒಬ್ಬರೇ ಅಲ್ಲವೇ, ಯಾರೆಂದು ನನಗೆ ಗೊತ್ತಿದೆಯೇ ಎಂದು ಕೇಳಿಕೊಳ್ಳಿ. ಎರಡಕ್ಕೂ ‘ಹೌದು’ ಎಂದಾದರೆ ಸಾಮಾನ್ಯವಾಗಿ ‘ಹಿ’ ಅಥವಾ ‘ಶಿ’.

ಹಾಗಾದ್ರೆ ಇಂಗ್ಲಿಷಿನಲ್ಲಿ ಗೌರವ ತೋರಿಸೋದು ಎಲ್ಲಿ?

ಹೆಸರಿನಲ್ಲಿ, ಪದವಿಯಲ್ಲಿ, ವಾಕ್ಯದ ವಿನಯದಲ್ಲಿ. ‘ರಮೇಶ್ ಅವರು’ ಎಂಬುದರ ‘ಅವರು’ ಇಂಗ್ಲಿಷಿಗೆ ಬರುವಾಗ ‘ಮಿಸ್ಟರ್’, ‘ಡಾಕ್ಟರ್’, ‘ಪ್ರೊಫೆಸರ್’ ಆಗಿ ಹೆಸರಿನ ಮುಂದೆ ಹೋಗಿ ಕೂರುತ್ತದೆ. ಭಾರತದೊಳಗಿನ ಪತ್ರಗಳಲ್ಲಿ ‘ಶ್ರೀ’, ‘ಶ್ರೀಮತಿ’ ಕೂಡ ನಡೆಯುತ್ತದೆ. ಅಂದಹಾಗೆ ಕನ್ನಡದಲ್ಲೂ ಬಹುವಚನವೇ ಗೌರವದ ಏಕೈಕ ಗುರುತೇನಲ್ಲ: ‘ದೇವರಿದ್ದಾನೆ’ ಎನ್ನುತ್ತೇವೆ, ‘ದೇವರಿದ್ದಾರೆ’ ಎನ್ನುವವರು ಕಡಿಮೆ.

‘ದೇ ಪೀಪಲ್’, ‘ದೇ ಬಾಯ್ಸ್’ ಅನ್ನೋದು ತಪ್ಪಾ? ಎಲ್ಲರೂ ಹೇಳ್ತಾರಲ್ಲ.

ತಪ್ಪು. ನಾಮಪದದ ಮುಂದೆ ‘ದೇ’ ಬರುವುದಿಲ್ಲ. ‘ಆ ಹುಡುಗರು’ ಎಂದರೆ ‘ದೋಸ್ ಬಾಯ್ಸ್’. ‘ಆ ಜನ’ ಎಂದರೆ ‘ದೋಸ್ ಪೀಪಲ್’, ಅಥವಾ ಬರೀ ‘ದೇ’. ‘ಯಾರು ಓದುತ್ತಾರೋ ಅವರು’ ಎಂಬ ರಚನೆಯಲ್ಲೂ ‘ದೇ ಹೂ’ ಅಲ್ಲ, ‘ದೋಸ್ ಹೂ’. ‘ಅವರಲ್ಲಿ ಒಬ್ಬ’ ಎಂದರೆ ‘ವನ್ ಆಫ್ ದೆಮ್’. ‘ಅವರಿಬ್ಬರೂ’ ಎನ್ನುವುದಕ್ಕೆ ‘ದೇ ಬೋತ್’ ಅಥವಾ ‘ಬೋತ್ ಆಫ್ ದೆಮ್’; ‘ದೇ ಟೂ’ ಎಂದು ಎಣಿಕೆಯ ಪದ ಅಂಟಿಸಿದರೆ ನಡೆಯುವುದಿಲ್ಲ, ‘ದ ಟೂ ಆಫ್ ದೆಮ್’ ಬೇಕು.

‘ಐದು ಪುಸ್ತಕ ಇದೆ, ಅದನ್ನ ಕೊಡು’ ಅನ್ನೋದಕ್ಕೆ ‘ಗಿವ್ ಇಟ್’ ಅಂದೆ. ತಿದ್ದಿದರು. ಯಾಕೆ?

ಆಡುಗನ್ನಡದಲ್ಲಿ ವಸ್ತುಗಳು ಎಷ್ಟಿದ್ದರೂ ಏಕವಚನ ಸಾಕಾಗುತ್ತದೆ: ‘ಐದು ಪುಸ್ತಕ ಇದೆ’, ‘ಎಲ್ಲಾ ಪಾತ್ರೆ ತೊಳೆದೆ, ಅದನ್ನ ಒಳಗಿಡು’. ಸಂಖ್ಯೆ ಹೇಳಿದ ಮೇಲೆ ಮತ್ತೆ ‘ಗಳು’ ಯಾಕೆ ಎಂಬ ಧೋರಣೆ. ಇಂಗ್ಲಿಷ್ ಈ ವಿಷಯದಲ್ಲಿ ಜಿಪುಣತನ ತೋರಿಸುವುದಿಲ್ಲ. ಎರಡು ಆದೊಡನೆ ‘ದೇ’, ‘ದೆಮ್’. ‘ಗಿವ್ ದೆಮ್ ಟು ಮಿ’ ಸರಿ.

ಇದಕ್ಕೆ ತಿರುಗುಮುರುಗಾದ ಬಲೆಗಳೂ ಇವೆ. ಕನ್ನಡಕ, ಕತ್ತರಿ, ಪ್ಯಾಂಟು ನಮಗೆ ‘ಅದು’. ಇಂಗ್ಲಿಷಿನಲ್ಲಿ ‘ಗ್ಲಾಸಸ್’, ‘ಸಿಸರ್ಸ್’, ‘ಟ್ರೌಸರ್ಸ್’ ಒಂದೇ ಇದ್ದರೂ ‘ದೇ’. ‘ವೇರ್ ಆರ್ ಮೈ ಗ್ಲಾಸಸ್? ದೇ ವರ್ ಆನ್ ದ ಟೇಬಲ್.’ ಇನ್ನು ‘ಲಗೇಜ್’, ‘ಫರ್ನಿಚರ್’, ‘ಇನ್ಫರ್ಮೇಶನ್’, ‘ನ್ಯೂಸ್’ ಎಷ್ಟು ರಾಶಿಯಿದ್ದರೂ ‘ಇಟ್’. ಹಣವನ್ನು ಮೊತ್ತವಾಗಿ ಹೇಳಿದಾಗಲೂ ‘ಇಟ್’: ‘ಫೈವ್ ಹಂಡ್ರೆಡ್ ರುಪೀಸ್ ಈಸ್ ಟೂ ಮಚ್, ಐ ವೋಂಟ್ ಪೇ ಇಟ್’.

ಪೊಲೀಸ್, ಕಂಪನಿ, ಕ್ರಿಕೆಟ್ ಟೀಮ್: ಇವಕ್ಕೆ ‘ಇಟ್’ ಬೇಕಾ ‘ದೇ’ ಬೇಕಾ?

‘ಪೊಲೀಸ್’ ಎಲ್ಲೆಡೆ ‘ದೇ’. ‘ಟೀಮ್’, ‘ಕಮಿಟಿ’, ‘ಗವರ್ನಮೆಂಟ್’, ‘ಫ್ಯಾಮಿಲಿ’ ಬ್ರಿಟಿಷ್ ಬಳಕೆಯಲ್ಲಿ ಎರಡೂ ಆಗಬಹುದು. ಒಳಗಿನ ಜನರನ್ನು ನೆನೆದರೆ ‘ದೇ’, ಸಂಸ್ಥೆಯನ್ನು ನೆನೆದರೆ ‘ಇಟ್’. ಅಮೆರಿಕದಲ್ಲಿ ಬರವಣಿಗೆಗೆ ‘ಇಟ್’ ಕಡೆಗೇ ಒಲವು. ಕಂಪನಿಯ ಬಗ್ಗೆ ಮಾತಿನಲ್ಲಿ ‘ದೇ’ ಎನ್ನುವುದು ಎರಡೂ ಕಡೆ ಸಾಮಾನ್ಯ, ಒಪ್ಪಂದ ಪತ್ರದಲ್ಲಿ ‘ಇಟ್’. ಯಾವುದನ್ನು ಹಿಡಿದರೂ ಒಂದೇ ವಾಕ್ಯದಲ್ಲಿ ‘ದ ಟೀಮ್ ಹ್ಯಾಸ್ ಲಾಸ್ಟ್ ಅಂಡ್ ದೇ ಆರ್ ಅಪ್‌ಸೆಟ್’ ಎಂದು ಅರ್ಧದಲ್ಲಿ ಹಾರಬೇಡಿ.

‘ದೇ ಸೇ’ ಅಂತಾರಲ್ಲ, ಅಲ್ಲಿ ಆ ‘ದೇ’ ಯಾರು?

ಯಾರೂ ಅಲ್ಲ. ‘ದೇ ಸೇ ಇಟ್ ವಿಲ್ ರೇನ್’ ಎಂಬುದಕ್ಕೆ ಕನ್ನಡದಲ್ಲಿ ‘ಮಳೆ ಬರುತ್ತಂತೆ’ ಎನ್ನುತ್ತೇವೆ. ಆ ‘ಅಂತೆ’ಯ ಕೆಲಸವನ್ನು ಇಂಗ್ಲಿಷ್ ‘ದೇ ಸೇ’ಯಿಂದ ಮಾಡಿಸುತ್ತದೆ. ‘ದೇ ಹ್ಯಾವ್ ರೇಸ್ಡ್ ದ ಬಸ್ ಫೇರ್’ ಎಂದರೆ ‘ಬಸ್ ದರ ಏರಿಸಿದ್ದಾರೆ’. ನಾವು ಕರ್ತೃಪದವನ್ನು ಬಿಟ್ಟೇಬಿಡುತ್ತೇವೆ, ಕ್ರಿಯಾಪದದ ‘ಆರೆ’ಯಲ್ಲಿ ಅದು ಅಡಗಿರುತ್ತದೆ. ಇಂಗ್ಲಿಷ್ ವಾಕ್ಯ ತಲೆಯಿಲ್ಲದೆ ನಿಲ್ಲುವುದಿಲ್ಲವಾದ್ದರಿಂದ ಅಲ್ಲಿ ‘ದೇ’ ಇಡಬೇಕು. ಮಾತಿನಲ್ಲಿ ಇದು ಚೆನ್ನ. ವರದಿಯಲ್ಲಿ ‘ದೇ’ ಎಂದರೆ ಯಾರು ಎಂದು ಕೇಳುತ್ತಾರೆ. ಅಲ್ಲಿ ನಿಗಮವೋ ಇಲಾಖೆಯೋ ಹೆಸರನ್ನೇ ಬರೆಯಿರಿ.

‘ಅವರು ತಮ್ಮ ಮನೆಗೆ ಹೋದರು’ ಮತ್ತು ‘ಅವರು ಅವರ ಮನೆಗೆ ಹೋದರು’: ಎರಡಕ್ಕೂ ‘ದೇರ್’ ಒಂದೇನಾ?

ಹೌದು, ಮತ್ತು ತಕರಾರು ಇರುವುದೂ ಅಲ್ಲೇ. ಬರವಣಿಗೆಯ ಕನ್ನಡದಲ್ಲಿ ‘ತಮ್ಮ’ ಎಂದರೆ ಹೋದವರದೇ ಮನೆ, ‘ಅವರ’ ಎಂದರೆ ಬೇರೆಯವರದೂ ಆಗಬಹುದು. ಇಂಗ್ಲಿಷಿನ ‘ದೇ ವೆಂಟ್ ಟು ದೇರ್ ಹೌಸ್’ ಎರಡಕ್ಕೂ ಹೊಂದುತ್ತದೆ. ಸ್ವಂತದ್ದು ಎಂದು ಖಚಿತಪಡಿಸಬೇಕಾದರೆ ‘ದೇರ್ ಓನ್ ಹೌಸ್’. ಬೇರೆಯವರದಾದರೆ ಹೆಸರು ಹೇಳದೆ ಗತಿಯಿಲ್ಲ: ‘ದೇ ವೆಂಟ್ ಟು ದ ನೇಬರ್ಸ್ ಹೌಸ್’. ಆಸ್ತಿ ಹಂಚಿಕೆಯ ಪತ್ರ, ದೂರು, ಹೇಳಿಕೆ ಇಂಥವುಗಳಲ್ಲಿ ಎರಡು ಗುಂಪಿನ ಜನರಿದ್ದರೆ ‘ದೇರ್’ ಅನ್ನು ನಂಬಬೇಡಿ.

## ಒಬ್ಬರಿಗೆ ‘ದೇ’

ಶಾಲೆಯಲ್ಲಿ ‘ದೇ’ ಬಹುವಚನ, ಒಬ್ಬರಿಗೆ ಹಾಕಿದರೆ ತಪ್ಪು ಅಂದಿದ್ದರು. ಈಗ ಸರಿ ಅಂತೀರಾ?

ಯಾರೆಂದು ಗೊತ್ತಿಲ್ಲದ ಒಬ್ಬರಿಗೆ ‘ದೇ’ ಬಳಸುವುದು ಹೊಸ ಫ್ಯಾಷನ್ ಅಲ್ಲ. 14ನೇ ಶತಮಾನದ ಬರಹದಲ್ಲೇ ಇದೆ. ಷೇಕ್ಸ್‌ಪಿಯರ್, ಜೇನ್ ಆಸ್ಟಿನ್ ಇಬ್ಬರೂ ಬಳಸಿದ್ದಾರೆ. ತಪ್ಪು ಎಂಬ ನಿಯಮ ಬಂದದ್ದು ಆಮೇಲೆ, 18ನೇ ಶತಮಾನದ ವ್ಯಾಕರಣ ಪುಸ್ತಕಗಳಿಂದ. 1745ರಲ್ಲಿ ಆನ್ ಫಿಶರ್ ಎಂಬ ಶಿಕ್ಷಕಿಯ ವ್ಯಾಕರಣ, ಗಂಡು ಹೆಣ್ಣು ಎರಡಕ್ಕೂ ಸೇರಿಸಿ ‘ಹಿ’ ಸಾಕು ಎಂದು ಹೇಳಿತು. 1795ರ ಲಿಂಡ್ಲಿ ಮರೆಯವರ ವ್ಯಾಕರಣ ಶಾಲೆಗಳಲ್ಲಿ ಬೇರೂರಿತು. ವಸಾಹತು ಕಾಲದ ಶಾಲೆಗಳ ಮೂಲಕ ಆ ಪಾಠ ನಮ್ಮವರೆಗೂ ಬಂತು. ಜನರ ಬಾಯಲ್ಲಿ ಮಾತ್ರ ‘ದೇ’ ನಿಲ್ಲಲೇ ಇಲ್ಲ.

ಕನ್ನಡಿಗರಿಗೆ ಇದು ಅರ್ಥವಾಗುವುದು ಸುಲಭ. ಬಾಗಿಲ ಬಳಿ ಛತ್ರಿಯೊಂದು ಬಿದ್ದಿದ್ದರೆ ‘ಯಾರೋ ಛತ್ರಿ ಬಿಟ್ಟು ಹೋಗಿದ್ದಾರೆ’ ಎನ್ನುತ್ತೇವೆ. ಬಿಟ್ಟವರು ಒಬ್ಬರೇ ಎಂದು ಗೊತ್ತು, ಗಂಡೋ ಹೆಣ್ಣೋ ಗೊತ್ತಿಲ್ಲ. ‘ಹೋಗಿದ್ದಾನೆ’ ಎಂದರೆ ನೋಡಿದವರ ಹಾಗಾಗುತ್ತದೆ. ‘ಸಮ್‌ವನ್ ಹ್ಯಾಸ್ ಲೆಫ್ಟ್ ದೇರ್ ಅಂಬ್ರೆಲಾ’ ಎಂಬುದರಲ್ಲಿ ನಡೆದಿರುವುದೂ ಇದೇ. ‘ಯಾರೋ’, ‘ಯಾರಾದರೂ’, ‘ಯಾರೂ’, ‘ಪ್ರತಿಯೊಬ್ಬರೂ’ ಇರುವ ಕಡೆ ನಿಮ್ಮ ಕನ್ನಡದ ಕಿವಿಯನ್ನು ನಂಬಿ. ಹಿರಿಯರ ಬಗ್ಗೆ ಹೇಳುವಾಗ ಮಾತ್ರ ಅದೇ ಕಿವಿ ದಾರಿ ತಪ್ಪಿಸುತ್ತದೆ.

‘ಎವ್ರಿವನ್ ಈಸ್’ ಅಂತ ಏಕವಚನ ಹಾಕಿ ಮತ್ತೆ ‘ದೇರ್’ ಅಂದರೆ ವಾಕ್ಯ ಒಡೆದ ಹಾಗಲ್ವಾ?

‘ಎವ್ರಿವನ್’, ‘ಸಮ್‌ಬಡಿ’, ‘ನೋಬಡಿ’ ನೇರವಾಗಿ ಕ್ರಿಯಾಪದಕ್ಕೆ ಅಂಟಿದಾಗ ಏಕವಚನ, ಆಮೇಲೆ ಅವುಗಳ ಬದಲಿಗೆ ಬರುವ ಸರ್ವನಾಮ ‘ದೇ’: ‘ಎವ್ರಿವನ್ ಹ್ಯಾಸ್ ಫಿನಿಶ್ಡ್ ದೇರ್ ಲಂಚ್’. ಟ್ಯಾಗ್ ಪ್ರಶ್ನೆಯಲ್ಲಿ ಇದು ಎದ್ದು ಕಾಣುತ್ತದೆ. ‘ಎವ್ರಿವನ್ ಈಸ್ ಹಿಯರ್, ಆರಂಟ್ ದೇ?’ ಇಲ್ಲಿ ‘ಈಸಂಟ್ ಹಿ’ ಎಂದು ಯಾರೂ ಹೇಳುವುದಿಲ್ಲ. ‘ನೋಬಡಿ ಕೇಮ್, ಡಿಡ್ ದೇ?’ ಎನ್ನುವಾಗ ಇನ್ನೊಂದು ಸೂಕ್ಷ್ಮವಿದೆ: ‘ನೋಬಡಿ’ಯಲ್ಲೇ ನಿಷೇಧ ಇರುವುದರಿಂದ ಟ್ಯಾಗ್‌ನಲ್ಲಿ ‘ನಾಟ್’ ಬರಬಾರದು. ‘ಡಿಡಂಟ್ ದೇ’ ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ.

ಆಫೀಸಿನ ಪತ್ರ, ನೋಟಿಸು, ಕೆಲಸದ ಜಾಹೀರಾತಿನಲ್ಲಿ ಏನು ಬರೆಯಲಿ?

ಸಾಧ್ಯವಾದ ಕಡೆ ವಾಕ್ಯವನ್ನೇ ಬಹುವಚನಕ್ಕೆ ತಿರುಗಿಸಿ. ‘ದ ಕ್ಯಾಂಡಿಡೇಟ್ ಶುಡ್ ಬ್ರಿಂಗ್ ಹಿಸ್ ಆರ್ ಹರ್ ಸರ್ಟಿಫಿಕೇಟ್ಸ್’ ಎಂದು ಎಳೆಯುವ ಬದಲು ‘ಕ್ಯಾಂಡಿಡೇಟ್ಸ್ ಶುಡ್ ಬ್ರಿಂಗ್ ದೇರ್ ಸರ್ಟಿಫಿಕೇಟ್ಸ್’. ಹೀಗೆ ಬರೆದರೆ ಹಳೆ ಕಾಲದ ಮೇಲಧಿಕಾರಿಯೂ ಕೆಂಪು ಗೆರೆ ಎಳೆಯಲಾರರು. ಆಗದಿದ್ದರೆ ಏಕವಚನದ ‘ದೇ’ ಇರಲಿ. ಅಮೆರಿಕದ ಎಪಿ ಸುದ್ದಿಸಂಸ್ಥೆಯ ಶೈಲಿ ಕೈಪಿಡಿ 2017ರಲ್ಲಿ ಅದನ್ನು ಸೀಮಿತವಾಗಿ ಒಪ್ಪಿತು. ಸಂಶೋಧನಾ ಪ್ರಬಂಧಗಳಿಗೆ ಬಳಸುವ ಎಪಿಎ ಕೈಪಿಡಿಯ 7ನೇ ಆವೃತ್ತಿ 2019ರಲ್ಲಿ ಪೂರ್ತಿ ಅನುಮೋದಿಸಿತು. ನಿಮ್ಮ ವಿಶ್ವವಿದ್ಯಾಲಯ ಎಪಿಎ ಶೈಲಿ ಕೇಳುತ್ತಿದ್ದರೆ ಇದನ್ನು ತೋರಿಸಬಹುದು.

ಒಂದು ಎಚ್ಚರಿಕೆ. ಹತ್ತಿರದಲ್ಲಿ ನಿಜವಾದ ಬಹುವಚನವೂ ಇದ್ದರೆ ‘ದೇ’ ಯಾರಿಗೆ ಅಂಟಿತು ಎಂದು ತಿಳಿಯುವುದಿಲ್ಲ. ‘ಇಫ್ ದ ಟೆನೆಂಟ್ ಕಂಪ್ಲೇನ್ಸ್ ಟು ದ ಓನರ್ಸ್, ದೇ ಮಸ್ಟ್ ಪೇ’ ಎಂದರೆ ಹಣ ಕೊಡಬೇಕಾದವರು ಬಾಡಿಗೆದಾರರೋ ಮಾಲೀಕರೋ? ಕರಾರಿನಲ್ಲಿ ‘ದ ಟೆನೆಂಟ್’ ಎಂದು ನಾಮಪದವನ್ನೇ ಮತ್ತೆ ಬರೆಯಿರಿ, ಚೆಂದ ಕೆಟ್ಟರೂ ಚಿಂತೆಯಿಲ್ಲ.

ಕಿರಣ್, ಸುಮನ್ ಎಂಬಂಥ ಹೆಸರಿನಿಂದ ಇಮೇಲ್ ಬಂದು, ಗಂಡೋ ಹೆಣ್ಣೋ ತಿಳಿಯದಿದ್ದಾಗ ಮೂರನೆಯವರಿಗೆ ಬರೆಯಬೇಕಾದರೆ ಇಲ್ಲೂ ‘ದೇ’ ಕೆಲಸಕ್ಕೆ ಬರುತ್ತದೆ: ‘ಕಿರಣ್ ಹ್ಯಾಸ್ ಸೆಂಟ್ ದ ಫೈಲ್, ದೇ ವಿಲ್ ಜಾಯಿನ್ ದ ಕಾಲ್’.

ನಮ್ಮ ಕಾನೂನು ಪುಸ್ತಕಗಳಲ್ಲಿ ಇನ್ನೂ ‘ಹಿ’ ಅಂತಲೇ ಇದೆಯಲ್ಲ?

ಇದೆ, ಅದಕ್ಕೆ ಕಾನೂನಿನದೇ ಬೆಂಬಲವಿದೆ. ಬ್ರಿಟನ್ನಿನ ಸಂಸತ್ತು 1850ರಲ್ಲೇ ಪುಲ್ಲಿಂಗದ ಪದಗಳಲ್ಲಿ ಸ್ತ್ರೀಯರೂ ಸೇರಿದ್ದಾರೆ ಎಂದು ಕಾಯ್ದೆ ಮಾಡಿತು. ಭಾರತದ 1860ರ ದಂಡ ಸಂಹಿತೆಯ 8ನೇ ಕಲಮು ‘ಹಿ’ ಯಾವ ವ್ಯಕ್ತಿಗೂ, ಗಂಡಾಗಲಿ ಹೆಣ್ಣಾಗಲಿ, ಅನ್ವಯಿಸುತ್ತದೆ ಎಂದಿತು. 1897ರ ಜನರಲ್ ಕ್ಲಾಸಸ್ ಕಾಯ್ದೆಯ 13ನೇ ಕಲಮು ಅದನ್ನು ಎಲ್ಲ ಕೇಂದ್ರ ಕಾಯ್ದೆಗಳಿಗೆ ಹಬ್ಬಿಸಿತು. ಸಂವಿಧಾನದ 56ನೇ ವಿಧಿ ರಾಷ್ಟ್ರಪತಿಯನ್ನು ‘ಹಿ’ ಎಂದೇ ಕರೆಯುತ್ತದೆ. ಪ್ರತಿಭಾ ಪಾಟೀಲ್, ದ್ರೌಪದಿ ಮುರ್ಮು ಆ ಹುದ್ದೆಗೆ ಬಂದದ್ದಕ್ಕೆ ಅದು ಅಡ್ಡಿಯಾಗಲಿಲ್ಲ. 2024ರ ಜುಲೈ 1ರಿಂದ ಆ ದಂಡ ಸಂಹಿತೆಯ ಬದಲಿಗೆ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ವ್ಯಾಖ್ಯೆಯಲ್ಲಿ ಗಂಡು, ಹೆಣ್ಣಿನ ಜೊತೆ ಟ್ರಾನ್ಸ್‌ಜೆಂಡರ್ ಎಂಬುದೂ ಸೇರಿತು, ಆದರೆ ಸರ್ವನಾಮ ‘ಹಿ’ಯೇ ಉಳಿಯಿತು. ಕಾಯ್ದೆಯನ್ನು ಉದ್ಧರಿಸುವಾಗ ಇದ್ದದ್ದನ್ನು ಇದ್ದಂತೆ ಬರೆಯಿರಿ. ಕಾಯ್ದೆ ಅಲ್ಲದ ನಿಮ್ಮ ಬರಹಕ್ಕೆ ಆ ಕಟ್ಟುಪಾಡಿಲ್ಲ.

ಕೆಲವರು ಹೆಸರಿನ ಪಕ್ಕ ‘ದೇ, ದೆಮ್’ ಅಂತ ಹಾಕ್ತಾರೆ. ಅವರ ಜೊತೆ ಹೇಗೆ ವ್ಯವಹರಿಸಬೇಕು?

ತಮ್ಮನ್ನು ‘ಹಿ’ ಅಥವಾ ‘ಶಿ’ ಎಂದು ಸೂಚಿಸುವುದು ಬೇಡ, ‘ದೇ’ ಎನ್ನಿ ಎಂಬುದು ಅದರ ಅರ್ಥ. ಗಂಡು, ಹೆಣ್ಣು ಎಂಬ ಎರಡು ಗುರುತುಗಳಲ್ಲಿ ತಮ್ಮನ್ನು ಇಟ್ಟುಕೊಳ್ಳದ ಹಲವರು ಹೀಗೆ ಬರೆಯುತ್ತಾರೆ. ಇದು ನಿಜಕ್ಕೂ ಹೊಸ ಬಳಕೆ. ಗೊತ್ತಿರುವ, ಹೆಸರಿರುವ ಒಬ್ಬರಿಗೆ ‘ದೇ’. ಅಮೆರಿಕದ ಮೆರಿಯಮ್ ವೆಬ್‌ಸ್ಟರ್ ನಿಘಂಟು 2019ರಲ್ಲಿ ಈ ಅರ್ಥವನ್ನು ಸೇರಿಸಿ, ‘ದೇ’ಯನ್ನೇ ವರ್ಷದ ಪದವಾಗಿ ಆರಿಸಿತು.

ವ್ಯಾಕರಣ ಸರಳ. ಹೆಸರಿನ ಜೊತೆ ಏಕವಚನ, ‘ದೇ’ ಜೊತೆ ಬಹುವಚನ: ‘ಆರ್ಯ ಈಸ್ ಅವರ್ ಡಿಸೈನರ್. ದೇ ಆರ್ ಇನ್ ಪುಣೆ ಟುಡೇ.’ ಎದುರಿಗಿದ್ದಾಗ ‘ಯೂ’ ಎನ್ನುವುದರಿಂದ ತೊಡಕೇ ಇಲ್ಲ. ಬಾಯಿ ತಪ್ಪಿ ‘ಹಿ’ ಬಂದರೆ ಅಲ್ಲೇ ತಿದ್ದಿಕೊಂಡು ಮಾತು ಮುಂದುವರಿಸಿ. ಐದು ನಿಮಿಷ ಕ್ಷಮೆ ಕೇಳುತ್ತಾ ನಿಂತರೆ ಅವರಿಗೇ ಮುಜುಗರ. ಕನ್ನಡದಲ್ಲಿ ಮಾತಾಡುವಾಗ ‘ಅವರು ಬಂದರು’ ಮೊದಲಿಂದಲೂ ಲಿಂಗ ಹೇಳದ ರೂಪವೇ ಆದ್ದರಿಂದ ಹೊಸದಾಗಿ ಕಲಿಯಬೇಕಾದ್ದಿಲ್ಲ.

‘ದೆಮ್‌ಸೆಲ್ಫ್’ ಅನ್ನೋ ಪದ ಇದೆಯಾ?

ಇದೆ, ಹಳೆಯದೇ. ಒಬ್ಬರಿಗೆ ‘ದೇ’ ಬಳಸಿದಾಗ ಕೆಲವರು ಇದನ್ನು ಬಯಸುತ್ತಾರೆ. ಪರೀಕ್ಷೆಯಲ್ಲಿ ‘ದೆಮ್‌ಸೆಲ್ವ್ಸ್’ ಬರೆಯಿರಿ.

## ಹಿನ್ನೆಲೆ

‘ದೇ’ ಇಂಗ್ಲಿಷಿನದೇ ಪದವಾ?

ಹುಟ್ಟಿನಿಂದ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಅವರು’, ‘ಅವರನ್ನು’, ‘ಅವರ’ ಎನ್ನುವ ಸರ್ವನಾಮಗಳೆಲ್ಲ ‘ಹ’ಕಾರದಿಂದ ಶುರುವಾಗುತ್ತಿದ್ದವು. ಕಾಲಕ್ರಮದಲ್ಲಿ ಸ್ವರಗಳು ಸವೆದು ‘ಅವನು’, ‘ಅವಳು’, ‘ಅವರು’ ಎಂಬ ರೂಪಗಳು ಒಂದರಂತೊಂದು ಕೇಳತೊಡಗಿದವು. ಆ ಹೊತ್ತಿಗೆ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ್ದ ಸ್ಕ್ಯಾಂಡಿನೇವಿಯನ್ನರ ಭಾಷೆ ಹಳೆಯ ನಾರ್ಸ್‌ನಿಂದ ‘ದೇ’ಯ ಮೂಲರೂಪ ಬಂತು. 1200ರ ಸುಮಾರಿನ ಬರಹದಲ್ಲಿ ಕಾಣುತ್ತದೆ. ಸರ್ವನಾಮವನ್ನು ಇನ್ನೊಂದು ಭಾಷೆಯಿಂದ ಸಾಲ ತರುವುದು ಅಪರೂಪ.

ಉತ್ತರದಿಂದ ದಕ್ಷಿಣಕ್ಕೆ ಅದು ಇಳಿದದ್ದು ನಿಧಾನವಾಗಿ, ಅದೂ ಬಿಡಿಬಿಡಿಯಾಗಿ. 1400ರಲ್ಲಿ ತೀರಿಕೊಂಡ ಕವಿ ಚಾಸರ್ ‘ದೇ’ ಎಂದು ಬರೆದರೂ, ‘ಅವರನ್ನು’, ‘ಅವರ’ ಎನ್ನುವ ಕಡೆ ಹಳೆಯ ‘ಹೆಮ್’, ‘ಹಿರ್’ ರೂಪಗಳನ್ನೇ ಇಟ್ಟುಕೊಂಡಿದ್ದ. ಇಂದಿನ ಆಡುಮಾತಿನ ‘ಅಮ್’ ಆ ‘ಹೆಮ್’ನ ಉಳಿಕೆ.

ಬಹುವಚನ ಏಕವಚನಕ್ಕೂ ಹಬ್ಬುವುದು ಇಂಗ್ಲಿಷಿಗೆ ಹೊಸತಲ್ಲ. ‘ಯೂ’ ಕೂಡ ಮೊದಲು ‘ನೀವು’ ಮಾತ್ರ ಆಗಿತ್ತು, ‘ನೀನು’ ಎನ್ನಲು ‘ದೌ’ ಇತ್ತು. ಗೌರವಕ್ಕೆಂದು ಒಬ್ಬರಿಗೂ ‘ಯೂ’ ಹೇಳುತ್ತಾ ಹೇಳುತ್ತಾ ‘ದೌ’ ಮಾತಿನಿಂದ ಮರೆಯಾಯಿತು. ನಮ್ಮ ‘ನೀವು’ ಮಾಡುವ ಕೆಲಸವನ್ನು ಇಂಗ್ಲಿಷ್ ಮಧ್ಯಮ ಪುರುಷದಲ್ಲಿ ಒಪ್ಪಿಕೊಂಡಿತು, ಪ್ರಥಮ ಪುರುಷದ ‘ದೇ’ಯಲ್ಲಿ ಒಪ್ಪಿಕೊಳ್ಳಲಿಲ್ಲ.

ಇಷ್ಟೆಲ್ಲ ಗೊಂದಲದ ಬದಲು ಒಂದು ಹೊಸ ಪದ ಮಾಡಬಹುದಿತ್ತಲ್ಲ?

ಲಿಂಗ ಹೇಳದೆ ಒಬ್ಬರನ್ನು ಸೂಚಿಸುವ ಪದಗಳನ್ನು ಮಾಡಿದ್ದಾರೆ, ಹತ್ತಾರು. ಅಮೆರಿಕದ ಚಾರ್ಲ್ಸ್ ಕ್ರೋಝಾಟ್ ಕಾನ್ವರ್ಸ್ 19ನೇ ಶತಮಾನದಲ್ಲಿ ಕಟ್ಟಿದ ‘ಥಾನ್’ ನಿಘಂಟಿನೊಳಕ್ಕೂ ಹೊಕ್ಕಿತ್ತು. 1934ರ ಮೆರಿಯಮ್ ವೆಬ್‌ಸ್ಟರ್‌ನಲ್ಲಿತ್ತು, 1961ರ ಆವೃತ್ತಿಯಲ್ಲಿ ಬಿಟ್ಟರು. ಸ್ವೀಡನ್ನಿನಲ್ಲಿ ಮಾತ್ರ ‘ಹೆನ್’ ಎಂಬ ಪದ ನಿಂತಿತು, 2015ರಲ್ಲಿ ಸ್ವೀಡಿಷ್ ಅಕಾಡೆಮಿಯ ಪದಕೋಶ ಸೇರಿತು. ಇಂಗ್ಲಿಷಿನವರ ಬಾಯಲ್ಲಿ ‘ದೇ’ ಆಗಲೇ ಆ ಕೆಲಸ ಮಾಡುತ್ತಿದ್ದುದರಿಂದ ಹೊಸದಕ್ಕೆ ಜಾಗ ಸಿಗಲಿಲ್ಲ.

## ಅನುವಾದ ಮಾಡುವವರಿಗೆ

ಪತ್ತೇದಾರಿ ಕಾದಂಬರಿಯಲ್ಲಿ ‘ದ ಕಿಲ್ಲರ್... ದೇ’ ಅಂತ ಬರುತ್ತೆ. ‘ಕೊಲೆಗಾರ’ ಅಂದರೆ ಗುಟ್ಟು ರಟ್ಟಾಗುತ್ತಲ್ಲ?

ಆಗುತ್ತದೆ. ‘ಕೊಲೆಗಾರ’ ಎಂದ ಕ್ಷಣ ಓದುಗರ ಪಟ್ಟಿಯಿಂದ ಹೆಂಗಸರೆಲ್ಲ ಹೊರಗೆ. ‘ಕೊಲೆಗಾರರು’ ಎಂದರೆ ಗುಂಪಾಗುತ್ತದೆ. ಕ್ರಿಯೆಯಿಂದ ಕಟ್ಟಿದ ಪದ ಇಲ್ಲಿ ಕೈಹಿಡಿಯುತ್ತದೆ: ‘ಕೊಲೆ ಮಾಡಿದವರು’, ‘ಒಳಗೆ ಬಂದವರು ಯಾರೋ ಬೀಗ ಒಡೆದಿರಲಿಲ್ಲ’. ಒಬ್ಬರೇ ಎಂದು ಗಟ್ಟಿಮಾಡಲು ಮೊದಲ ಸಲ ‘ಯಾರೋ ಒಬ್ಬರು’ ಎಂದು ಸೇರಿಸಿ. ಕೊಲೆ ಮಾಡಿದವರಿಗೂ ಬಹುವಚನವೇ ಎಂದು ಅಳುಕಿದರೆ, ವಾಕ್ಯವನ್ನು ವಸ್ತುವಿನ ಕಡೆ ತಿರುಗಿಸಿ: ‘ಬೀಗ ಒಡೆದಿರಲಿಲ್ಲ, ಕೀಲಿ ಬಳಸಿಯೇ ತೆರೆದದ್ದು.’ ‘ವೈದ್ಯ’, ‘ಶಿಕ್ಷಕ’, ‘ನೆರೆಯವ’ ಮುಂತಾದ ಪದಗಳಲ್ಲೂ ಇದೇ ಬಲೆಯಿದೆ.

ಕನ್ನಡ ಸಿನಿಮಾಗೆ ಇಂಗ್ಲಿಷ್ ಸಬ್‌ಟೈಟಲ್ ಬರೀತೀನಿ. ‘ಅವರು ಬ್ಯಾಡ ಅಂದ್ರು’ ಅನ್ನೋದಕ್ಕೆ ಏನು ಹಾಕೋದು?

ಸಾಲನ್ನಷ್ಟೇ ನೋಡಿ ಹಾಕಬೇಡಿ, ದೃಶ್ಯ ನೋಡಿ. ಹೇಳುತ್ತಿರುವವಳು ಹೆಂಡತಿ, ‘ಅವರು’ ಗಂಡನಾದರೆ ‘ಹಿ ಸೆಡ್ ನೋ’. ಅತ್ತೆಯ ಬಗ್ಗೆಯಾದರೆ ‘ಶಿ’. ಹೆಣ್ಣು ನೋಡಲು ಬಂದ ಮನೆಯವರು ಬೇಡ ಎಂದಿದ್ದರೆ ‘ದೇ’. ಯಂತ್ರಾನುವಾದಕ್ಕೆ ಬಿಡಿ ಸಾಲು ಕೊಟ್ಟರೆ ಅದು ಊಹಿಸುತ್ತದೆ, ಒಂದೇ ಪಾತ್ರ ಒಂದು ಸಾಲಿನಲ್ಲಿ ‘ಹಿ’, ಮುಂದಿನ ಸಾಲಿನಲ್ಲಿ ‘ದೇ’ ಆಗುತ್ತದೆ. ಚಿತ್ರಕಥೆಯ ಪ್ರತಿಯಲ್ಲಿ ಪ್ರತಿ ‘ಅವರು’ ಪಕ್ಕ ಯಾರು ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡು ಶುರುಮಾಡಿ. ಕಥೆಯೇ ಬೇಕೆಂದು ಮುಚ್ಚಿಟ್ಟ ‘ಅವರು’ ಇದ್ದರೆ, ಉದಾಹರಣೆಗೆ ಕೊನೆಗೆ ಬಯಲಾಗುವ ‘ದೊಡ್ಡವರು’, ಅಲ್ಲಿ ‘ದೇ’ ಅಥವಾ ‘ದ ಬಾಸ್’ ಇಟ್ಟು ಲಿಂಗವನ್ನು ಮುಚ್ಚಿಯೇ ಇಡಬೇಕು.

ಇಂಗ್ಲಿಷ್ ಕಥೆಯಲ್ಲಿ ‘ದೇ’ ಅನ್ನಿಸಿಕೊಳ್ಳೋ, ಹುಡುಗನೂ ಅಲ್ಲದ ಹುಡುಗಿಯೂ ಅಲ್ಲದ ಹದಿನೆಂಟರ ಪಾತ್ರ ಇದೆ. ‘ಅವರು’ ಅಂದರೆ ಅಜ್ಜನ ವಯಸ್ಸು ಬಂದ ಹಾಗಾಗುತ್ತೆ. ಏನು ಮಾಡಲಿ?

‘ಅವರು’ ಲಿಂಗವನ್ನು ಮುಚ್ಚುತ್ತದೆ, ಆದರೆ ದೂರವನ್ನೂ ಗೌರವವನ್ನೂ ಜೊತೆಗೆ ತರುತ್ತದೆ. ನಿರೂಪಣೆಯಲ್ಲಿ ‘ಅವರು’, ‘ಬಂದರು’ ಇಟ್ಟುಕೊಂಡರೆ ಹತ್ತು ಪುಟದೊಳಗೆ ಓದುಗರ ಕಿವಿ ಒಗ್ಗುತ್ತದೆ. ಗೆಳೆಯರ ಸಂಭಾಷಣೆಯಲ್ಲಿ ಮಾತ್ರ ಅದು ಕೃತಕ. ಅಲ್ಲಿ ಹೆಸರನ್ನೇ ಬಳಸಿ, ಲಿಂಗ ತೋರಿಸದ ಕ್ರಿಯಾರೂಪಗಳನ್ನು ಹುಡುಕಿ: ‘ಸ್ಯಾಮ್ ಬಂದಾಯ್ತಾ?’, ‘ಸ್ಯಾಮ್‌ಗೆ ಹಸಿವಂತೆ’, ‘ಸ್ಯಾಮ್ ಬರೋದು ಸಂಜೆಗೆ’, ‘ಸ್ಯಾಮ್ ಬರಲ್ಲ’. ‘ಬಂದಾಯ್ತು’, ‘ಬೇಕು’, ‘ಗೊತ್ತು’, ‘ಬರಲಿ’, ‘ಬರಲಿಲ್ಲ’ ಇವು ಯಾವುವೂ ಗಂಡು ಹೆಣ್ಣು ಹೇಳುವುದಿಲ್ಲ. ‘ಅದು’ ಎಂದು ಬರೆಯುವ ಆಸೆಗೆ ಬೀಳಬೇಡಿ. ಮನೆಯಲ್ಲಿ ಮಗುವನ್ನು ‘ಅದು ಮಲಗಿದೆ’ ಎನ್ನುವುದು ಮುದ್ದು. ಬೆಳೆದವರಿಗೆ, ಅದರಲ್ಲೂ ಇಂಥ ಪಾತ್ರಕ್ಕೆ, ಅದು ಬೈಗುಳ.